ಡಿಫಾಲ್ಟ್ ಬೇಲ್ ತಾನಾಗೇ ಬರುವುದಿಲ್ಲ, ಕೇಳಬೇಕು

ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸಿನಲ್ಲಿ ಯಾರನ್ನಾದರೂ ಒಳಗೆ ಹಾಕಿದರೆ ನಮ್ಮ ಹೋರಾಟದ ಗೆಳೆಯರು ಸುಮ್ಮನೆ ಕೂರುವುದಿಲ್ಲ. ಪತ್ರಿಕಾಗೋಷ್ಠಿ, ಸಹಿ ಸಂಗ್ರಹ, ರಾತ್ರಿ ಬೆಳಗಾಗುವುದರೊಳಗೆ ಪೋಸ್ಟರ್, ಫ್ರೀಡಂ ಪಾರ್ಕಿನಲ್ಲಿ ಧರಣಿ. (ಆ ಪಾರ್ಕು ಹಳೇ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೂ ಅಲ್ಲೇ ಇಟ್ಟಿದ್ದರು. ಇವತ್ತು ಧರಣಿ ಕೂರುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.) ನಾನೂ ಹೋಗಿ ಎರಡು ಮಾತಾಡಿ ಬರುತ್ತೇನೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: ಮೊದಲ ರಿಮಾಂಡ್, ಅಂದರೆ ಕೋರ್ಟ್ ಮೊದಲ ಸಲ ಕಸ್ಟಡಿಗೆ ಕಳಿಸಿದ್ದು, ಯಾವತ್ತು ಆಯಿತು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

‘ಅದ್ಯಾಕೆ ಸಾರ್, 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ರೆ ಅವರೇ ಬಿಟ್ಟುಬಿಡ್ತಾರಲ್ವಾ?’

ಬಿಡುವುದಿಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅವಧಿಯೊಳಗೆ ಚಾರ್ಜ್‌ಶೀಟ್ (ಆರೋಪಪಟ್ಟಿ) ಬಾರದಿದ್ದರೆ ಸಿಗುವ ಜಾಮೀನೇ ಡಿಫಾಲ್ಟ್ ಬೇಲ್. ಅದು ಹಕ್ಕು ನಿಜ, ಅದು ಸಂವಿಧಾನದ 21ನೇ ವಿಧಿಗೆ ಸೇರಿದ ಹಕ್ಕು ಎಂದು ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಆದರೆ ಕೇಳಿದವರಿಗೆ ಮಾತ್ರ ಸಿಗುವ ಹಕ್ಕು ಅದು. ಅವಧಿ ಮುಗಿದ ಮೇಲೆ, ಚಾರ್ಜ್‌ಶೀಟ್ ಕೋರ್ಟಿಗೆ ಬರುವ ಮುಂಚೆ ಕೇಳಬೇಕು. ನೀವು ಕೇಳದೆ ಕೂತಿದ್ದು, 95ನೇ ದಿನ ಪೊಲೀಸರು ಚಾರ್ಜ್‌ಶೀಟ್ ತಂದಿಟ್ಟರೆ ಆ ಹಕ್ಕು ಹೋಯಿತು. ಆಮೇಲೆ ಉಳಿಯುವುದು ಮಾಮೂಲಿ ಬೇಲ್. ಯುಎಪಿಎಯಲ್ಲಿ ಅದೆಷ್ಟು ಕಷ್ಟ ಎಂದು ನಿಮಗೆ ಗೊತ್ತೇ ಇದೆ. ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ಸಾಕು, ಬೇಲ್ ಇಲ್ಲ.

ಚೆನ್ನೈನ ಒಂದು ಮಾದಕ ವಸ್ತು ಕೇಸು ನೋಡಿ. ಕಾನೂನು ಬೇರೆ, ತತ್ವ ಒಂದೇ. 2019ರ ಫೆಬ್ರವರಿ 1ಕ್ಕೆ ಅವಧಿ ಮುಗಿದು ಒಂದು ದಿನವಾಗಿತ್ತು. ವಕೀಲರು ಬೆಳಿಗ್ಗೆ 10:30ಕ್ಕೆ ಬೇಲ್ ಅರ್ಜಿ ಹಾಕಿದರು. ಸಂಜೆ 4:25ಕ್ಕೆ ತನಿಖೆಯವರು ಚಾರ್ಜ್‌ಶೀಟಿನ ಜಾಗದಲ್ಲಿ ಬರುವ ತಮ್ಮ ದೂರು ತಂದು ಹಾಕಿದರು. ಹೈಕೋರ್ಟ್ ಬೇಲ್ ರದ್ದು ಮಾಡಿದರೂ ಕೊನೆಗೆ ಸುಪ್ರೀಂ ಕೋರ್ಟ್ ಆರೋಪಿಯ ಪರ ನಿಂತಿತು. ಬೆಳಿಗ್ಗೆಯ ಬದಲು ಮಾರನೇ ದಿನ ಹೋಗಿದ್ದರೆ? ಸೊನ್ನೆ.

ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಹಿಂಸಾಚಾರದ ಯುಎಪಿಎ ಕೇಸಿನಲ್ಲೂ ಇದೇ ಆಯಿತು. ತನಿಖೆಗೆ ಹೆಚ್ಚು ಸಮಯ ಕೊಟ್ಟ ಪುಣೆಯ ಕೋರ್ಟಿಗೆ ಆ ಅಧಿಕಾರವೇ ಇರಲಿಲ್ಲ ಎಂದು 2021ರ ಡಿಸೆಂಬರ್ 1ರಂದು ಬಾಂಬೆ ಹೈಕೋರ್ಟ್ ಹೇಳಿ, ವಕೀಲೆ, ಹೋರಾಟಗಾರ್ತಿ ಸುಧಾ ಭಾರದ್ವಾಜ್ ಅವರಿಗೆ ಡಿಫಾಲ್ಟ್ ಬೇಲ್ ಕೊಟ್ಟಿತು. ಅದೇ ಕೇಸಿನ ಇನ್ನೂ 8 ಜನರಿಗೆ ಕೊಡಲಿಲ್ಲ. ಅವರು ಸಮಯಕ್ಕೆ ಸರಿಯಾಗಿ ಕೇಳಿರಲಿಲ್ಲ ಎಂಬುದು ಹೈಕೋರ್ಟ್ ಕೊಟ್ಟ ಕಾರಣ.

ಇನ್ನು ದಿನ ಎಣಿಸುವುದು. ಬಂಧಿಸಿದ ದಿನದಿಂದ ಅಲ್ಲ, ಮ್ಯಾಜಿಸ್ಟ್ರೇಟ್ ಮೊದಲ ಸಲ ರಿಮಾಂಡ್ ಮಾಡಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ, 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಡಿಸೆಂಬರ್ 31ರ ರಾತ್ರಿ ಹಿಡಿದರು, ಜನವರಿ 1ಕ್ಕೆ ರಿಮಾಂಡ್ ಆಯಿತು ಅಂದುಕೊಳ್ಳಿ. ಜನವರಿಯ 31, ಫೆಬ್ರವರಿಯ 28, ಮಾರ್ಚಿನ 31 ಸೇರಿ 90. ಏಪ್ರಿಲ್ 1ರ ಬೆಳಿಗ್ಗೆ ಕೋರ್ಟ್ ತೆರೆಯುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ಮೂರು ತಿಂಗಳು ಅಂತ ಅಂದಾಜಿನಲ್ಲಿ ಹೇಳಬೇಡಿ, ಒಂದೊಂದೇ ದಿನ ಎಣಿಸಿ. ರಾಯಚೂರು ಕಡೆಯ ತಾಯಿಯೊಬ್ಬರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮಗನ ರಿಮಾಂಡ್ ದಿನಗಳಿಗೆ ಗೀಟು ಹಾಕಿ ತಂದಿದ್ದರು. ನನ್ನ ಜೂನಿಯರ್‌ಗಳ ಲೆಕ್ಕಕ್ಕಿಂತ ಅದು ಸರಿಯಿತ್ತು! ಆ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ.

ಗೃಹಬಂಧನದ ದಿನಗಳೂ ಸೇರುತ್ತವಾ ಎಂದು ಕೇಳುತ್ತಾರೆ. ಕೆಲವೊಮ್ಮೆ ಸೇರಬಹುದು, ಆದರೆ ಭೀಮಾ ಕೋರೆಗಾಂವ್ ಕೇಸಿನ ಇನ್ನೊಬ್ಬ ಆರೋಪಿ ಗೌತಮ್ ನವಲಖಾ ಅವರ ವಿಷಯದಲ್ಲಿ ಸೇರಲಿಲ್ಲ. ಅದನ್ನು ನೆಚ್ಚಿಕೊಳ್ಳಬೇಡಿ.

90 ದಿನ ಮುಗಿಯುವ ಮುಂಚೆ ಸರ್ಕಾರಿ ವಕೀಲರು ವರದಿ ಕೊಟ್ಟು 180 ದಿನದವರೆಗೆ ಸಮಯ ಕೇಳಬಹುದು. ಯುಎಪಿಎಯಲ್ಲಿ ಸಾಮಾನ್ಯವಾಗಿ ಕೇಳಿಯೇ ಕೇಳುತ್ತಾರೆ. ಅದು ಬರೀ ಮುದ್ರೆ ಒತ್ತುವ ಕೆಲಸ ಅಲ್ಲ. ತನಿಖೆ ಎಲ್ಲಿಗೆ ಬಂತು, ಇನ್ನೂ ಯಾಕೆ ಒಳಗಿಡಬೇಕು ಎಂದು ವರದಿಯಲ್ಲಿ ಇರಬೇಕು, ಆರೋಪಿಗೆ ವಿಷಯ ತಿಳಿಸಬೇಕು. ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಗಲಭೆ ಕೇಸಿನಲ್ಲಿ ಆರೋಪಿಗಳ ಮಾತು ಕೇಳದೆ ಸಮಯ ಕೊಟ್ಟರೆಂದು 2021ರ ಜೂನ್‌ನಲ್ಲಿ ನಮ್ಮ ಹೈಕೋರ್ಟ್ 115 ಜನರಿಗೆ ಡಿಫಾಲ್ಟ್ ಬೇಲ್ ಕೊಟ್ಟಿತು. ಅವರಲ್ಲಿ ಯಾರು ತಪ್ಪು ಮಾಡಿದ್ದರು, ಯಾರು ಮಾಡಿರಲಿಲ್ಲ ಎಂಬ ಮಾತೇ ಅಲ್ಲಿ ಬರಲಿಲ್ಲ. ಡಿಫಾಲ್ಟ್ ಬೇಲಿನಲ್ಲಿ ಬರುವುದೂ ಇಲ್ಲ. ಬೇಲ್ ಸಿಕ್ಕ ಕೂಡಲೇ ‘ನಿರಪರಾಧಿ ಎಂದು ಸಾಬೀತಾಯಿತು’ ಅಂತ ಬ್ಯಾನರ್ ಕಟ್ಟುವ ಉತ್ಸಾಹಿಗಳೇ, ದಯವಿಟ್ಟು ತಡೆಯಿರಿ.

ಧರಣಿ ಬೇಡ ಎಂದು ನಾನು ಹೇಳುತ್ತಿಲ್ಲ. 2012ರಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ, ಯುಎಪಿಎ ಕೇಸಿನಲ್ಲಿ ಒಳಗಿದ್ದ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು ಬೇಡಿ ಹಾಕಿ ಪರೀಕ್ಷೆಗೆ ಕರೆತಂದಾಗ ಜನ ಬೀದಿಗೆ ಬರದಿದ್ದರೆ ಆ ಸುದ್ದಿ ಯಾರಿಗೂ ತಲುಪುತ್ತಿರಲಿಲ್ಲ. ಅವನೂ ಅವನ ತಂದೆಯೂ ಖುಲಾಸೆಯಾಗುವ ಹೊತ್ತಿಗೆ 2021ರ ಅಕ್ಟೋಬರ್ ಬಂದಿತ್ತು. ಅಷ್ಟು ವರ್ಷ ಕೇಸು ಎಳೆಯುವಾಗ ಮನುಷ್ಯ ಹೊರಗಿದ್ದು ಎದುರಿಸುವುದಕ್ಕೂ ಒಳಗಿದ್ದು ಎದುರಿಸುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಹಾಗಾಗಿ ಸಮಿತಿ ಮಾಡುವಾಗ ಒಬ್ಬರನ್ನು ದಿನಾಂಕ ನೋಡಿಕೊಳ್ಳುವುದಕ್ಕೇ ಇಡಿ. ಭಾಷಣ ಮಾಡದವರನ್ನೇ ಇಡಿ, ಅವರಿಗೆ ಪುರುಸೊತ್ತು ಜಾಸ್ತಿ. ರಿಮಾಂಡ್ ಆರ್ಡರಿನ ನಕಲು ಅವರ ಹತ್ತಿರ ಇರಲಿ. ಜಾಮೀನು ನಿಲ್ಲುವವರ ಪಹಣಿ, ಆಧಾರ್ ಮುಂಚೆಯೇ ಜೋಡಿಸಿಡಲಿ, ಯಾಕೆಂದರೆ ಬೇಲ್ ಆದೇಶವಾಗಿ ಶ್ಯೂರಿಟಿ ಕೊಡುವುದು ತಡವಾದರೆ ಅದೇ ಬೇರೆ ತಲೆನೋವು. ಪ್ರತಿ ಕೇಸೂ ಬೇರೆ, ನಿಮ್ಮ ವಕೀಲರ ಮಾತೇ ಅಂತಿಮ. ಅವರು ಸಿಗದಿದ್ದರೆ ಒಳಗಿರುವವರೇ ಕೇಳಬಹುದು. ಬಾಯಿಮಾತಿನಲ್ಲಿ ಕೇಳಿದರೂ ಸಾಕು ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬರೆದು ಕೊಟ್ಟು, ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳುವುದು ವಾಸಿ. ಜೈಲಿನ ಮೊದಲ ಭೇಟಿಯಲ್ಲೇ ಇದನ್ನೂ ಆ ದಿನಾಂಕವನ್ನೂ ಅವರಿಗೆ ಹೇಳಿ ಬನ್ನಿ.