ಗ್ರಹಗಳು ವೃತ್ತದಲ್ಲೇ ಏಕೆ ಸುತ್ತಬೇಕಿತ್ತು?

ಪ್ರಶ್ನೆ: ಮಂಗಳನಂಥ ಗ್ರಹಗಳು ಆಗಾಗ ಹಿಂದಕ್ಕೆ ಸರಿಯುವುದನ್ನು ಪ್ರಾಚೀನ ಗ್ರೀಕರು ಕಣ್ಣಾರೆ ಕಂಡಿದ್ದರು. ಹಾಗಿದ್ದೂ ಆಕಾಶಕಾಯಗಳ ಚಲನೆ ವೃತ್ತಾಕಾರದ್ದೇ ಎಂದು ಪಟ್ಟು ಹಿಡಿದದ್ದೇಕೆ? ಅದು ಬರಿಯ ಸೌಂದರ್ಯದ ಮೋಹವೇ?

ಉತ್ತರ: ವೃತ್ತ ಮತ್ತು ಗೋಳಗಳು ಪರಿಪೂರ್ಣ ಆಕೃತಿಗಳೆಂಬ ಭಾವನೆ ಗ್ರೀಕರಲ್ಲಿ ಇದ್ದದ್ದು ನಿಜ, ಪ್ಲೇಟೊನ ‘ಟಿಮೇಯಸ್’ ಸಂವಾದದಲ್ಲಿ ಅದು ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಉತ್ತರವನ್ನು ಅಲ್ಲಿಗೇ ಮುಗಿಸಿದರೆ ಕ್ರಿ.ಪೂ. 4ನೆಯ ಶತಮಾನದಲ್ಲಿ ಅರಿಸ್ಟಾಟಲ್ ಕಟ್ಟಿದ ವಾದದ ಬಿಗಿಯನ್ನು ಕಡೆಗಣಿಸಿದಂತಾಗುತ್ತದೆ. ಆ ವಾದದ ಬೇರು ‘ಸ್ಥಳ’ ಎಂದರೇನು ಎಂಬ ಪ್ರಶ್ನೆಯಲ್ಲಿದೆ.

ದೇಶ-ಕಾಲ ಎನ್ನುವಾಗ ‘ದೇಶ’ವೆಂದರೆ ಎಲ್ಲ ದಿಕ್ಕಿಗೂ ಕೊನೆಯಿಲ್ಲದೆ ಹರಡಿದ, ಎಲ್ಲೆಡೆಯೂ ಒಂದೇ ಬಗೆಯಾದ ಬಯಲು ಎಂದು ನಾವು ಶಾಲೆಯಿಂದಲೇ ಕಲ್ಪಿಸಿಕೊಂಡಿರುತ್ತೇವೆ. ಅರಿಸ್ಟಾಟಲನಿಗೆ ಅಂಥ ಬಯಲೇ ಇರಲಿಲ್ಲ. ಕೊಡದೊಳಗಿನ ನೀರಿಗೆ ಕೊಡದ ಒಳಮೈ ಎಲ್ಲೆಯಾಗಿರುವಂತೆ, ಒಂದು ವಸ್ತುವನ್ನು ಸುತ್ತುವರಿದಿರುವ ಇನ್ನೊಂದರ ಒಳ ಎಲ್ಲೆಯೇ ಅದರ ಸ್ಥಳ. ಆದರೆ ಆ ಎಲ್ಲೆ ಕೊಡದಂತೆ ಎತ್ತಿಕೊಂಡು ಹೋಗಬಹುದಾದದ್ದಲ್ಲ, ಅಚಲವಾದದ್ದು. ಈ ವಿಶ್ವಕ್ಕೆ ನಡುವೂ ಇತ್ತು, ಅಂಚೂ ಇತ್ತು. ಮಣ್ಣು ಮತ್ತು ನೀರು ನಡುವಿನತ್ತ ಇಳಿಯುವುದೂ, ಗಾಳಿ ಮತ್ತು ಬೆಂಕಿ ಅಂಚಿನತ್ತ ಏರುವುದೂ ಅವುಗಳ ಸ್ವಭಾವ. ತಮ್ಮ ನೆಲೆ ಸಿಕ್ಕೊಡನೆ ಅವು ನಿಲ್ಲುತ್ತವೆ. ಎಲ್ಲೆಯುಳ್ಳ ವಿಶ್ವದಲ್ಲಿ ನೇರ ಚಲನೆ ಎಲ್ಲಾದರೊಂದು ಕಡೆ ಮುಗಿಯಲೇಬೇಕು, ಇಲ್ಲವೇ ತಿರುಗಿ ಬರಬೇಕು. ಹಾಗೆ ತಿರುಗುವಾಗ ಅರೆಗಳಿಗೆಯಾದರೂ ನಿಲ್ಲಬೇಕು ಎಂದು ಅವನು ವಾದಿಸಿದ. ತಲೆಮಾರುಗಳಿಂದ ಬಂದ ದಾಖಲೆಗಳ ಪ್ರಕಾರ ನಕ್ಷತ್ರಗಳ ಆಕಾಶವಾದರೋ ನಿಂತದ್ದೂ ಇಲ್ಲ, ಬದಲಾದದ್ದೂ ಇಲ್ಲ. ಕೊನೆಯಿಲ್ಲದೆ, ತಡೆಯಿಲ್ಲದೆ ಸಾಗಬಲ್ಲ ಚಲನೆ ವೃತ್ತದ್ದೊಂದೇ ಆದ್ದರಿಂದ, ಅದೇ ಸ್ವಭಾವವಾಗಿರುವ ಐದನೆಯ ದ್ರವ್ಯವೊಂದು, ಅಂದರೆ ಈಥರ್, ಅಲ್ಲಿರಬೇಕೆಂದು ಅವನು ತೀರ್ಮಾನಿಸಿದ.

ವಿಶ್ವದ ಅಂಚಿನಲ್ಲಿ ನಿಂತು ಕೈಯನ್ನು ಆಚೆಗೆ ಚಾಚಬಹುದೇ ಎಂದು ಪೈಥಾಗೊರಸನ ಪಂಥದ ಆರ್ಕೈಟಸ್ ಕೇಳಿದ್ದ. ಆಚೆ ಏನೂ ಸುತ್ತುವರಿದಿಲ್ಲವಾದ್ದರಿಂದ ಅಲ್ಲಿ ಸ್ಥಳವೂ ಇಲ್ಲ, ನಿರ್ವಾತವೂ ಇಲ್ಲ, ಕಾಲವೂ ಇಲ್ಲ ಎಂಬುದು ಅರಿಸ್ಟಾಟಲನ ನಿಲುವು. ಇದರಿಂದ ಹೊರಡುವ ಮಾತು ಸ್ವಾರಸ್ಯವಾದದ್ದು: ಇಡೀ ಆಕಾಶಕ್ಕೆ ‘ಎಲ್ಲಿದೆ’ ಎಂಬ ಪ್ರಶ್ನೆಯೇ ಹೊಂದದಿದ್ದರೆ ಅದು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಂತಿಲ್ಲ; ಇದ್ದಲ್ಲೇ ತಿರುಗಬಹುದು, ಅಷ್ಟೆ. ನಿರ್ವಾತವಿದ್ದಿದ್ದರೆ ಅದರಲ್ಲಿ ಚಲಿಸುವ ವಸ್ತುವಿಗೆ ಇಲ್ಲಿ ನಿಲ್ಲಬೇಕು, ಅಲ್ಲಿ ನಿಲ್ಲಬಾರದು ಎನ್ನಲು ಕಾರಣವಿರದೆ ಅದು ಸಾಗುತ್ತಲೇ ಇರಬೇಕಾಗುತ್ತಿತ್ತು ಎಂದೂ ಅವನು ಬರೆದಿದ್ದಾನೆ. ಮುಂದೆ ನ್ಯೂಟನ್ ನಿಯಮವನ್ನಾಗಿ ಮಾಡಿದ ಮಾತಿಗೆ ಇಷ್ಟು ಹತ್ತಿರ ಬಂದು, ಅದನ್ನು ನಿರ್ವಾತದ ಅಸಂಬದ್ಧತೆಗೆ ಸಾಕ್ಷಿಯೆಂದು ಬದಿಗಿಟ್ಟದ್ದು ನನಗಂತೂ ಪ್ರತಿ ಸಲವೂ ಬೆರಗು ತರುತ್ತದೆ.

ಹಿಂದಕ್ಕೆ ಸರಿಯುವ ಗ್ರಹಗಳು, ನಮ್ಮ ಪಂಚಾಂಗದ ಮಾತಿನಲ್ಲಿ ವಕ್ರಗತಿಯವು, ಈ ಚೌಕಟ್ಟಿಗೆ ಸವಾಲಾಗಿದ್ದವು. ಗ್ರೀಕ್ ಗಣಿತಜ್ಞ ಯೂಡಾಕ್ಸಸ್ ಭೂಮಿಯೇ ಕೇಂದ್ರವಾಗುಳ್ಳ, ಬೇರೆ ಬೇರೆ ಅಕ್ಷಗಳ ಮೇಲೆ ತಿರುಗುವ 27 ಗೋಳಗಳನ್ನು ಜೋಡಿಸಿ ಆ ಹಿಮ್ಮುಖ ಚಲನೆಯನ್ನು ವೃತ್ತಗಳಿಂದಲೇ ಹೊರಡಿಸಿ ತೋರಿಸಿದ. ಅವನದು ಗಣಿತದ ಜೋಡಣೆ. ಅರಿಸ್ಟಾಟಲನಿಗೆ ಆ ಗೋಳಗಳು ನಿಜವಾಗಿ ಇರಬೇಕಿತ್ತು. ನಡುವೆ ನಿರ್ವಾತವಿಲ್ಲದೆ ಗೋಳಕ್ಕೆ ಗೋಳ ತಾಗಿಕೊಂಡಿದ್ದರೆ ಶನಿಯ ಚಲನೆ ಗುರುವಿಗೂ ಅಂಟುತ್ತದೆ. ಅದನ್ನು ರದ್ದುಮಾಡಲು ಎದುರು ದಿಕ್ಕಿಗೆ ತಿರುಗುವ ಗೋಳಗಳನ್ನು ಸೇರಿಸುತ್ತ ಹೋಗಿ ಎಣಿಕೆ 55ಕ್ಕೆ ಮುಟ್ಟಿತು. ಇಷ್ಟಾದರೂ, ಈ ಜೋಡಣೆಯಲ್ಲಿ ಭೂಮಿಯಿಂದ ಸದಾ ಒಂದೇ ದೂರದಲ್ಲಿರಬೇಕಾದ ಮಂಗಳ ಒಮ್ಮೆ ಮಂಕಾಗಿ, ಒಮ್ಮೆ ಪ್ರಜ್ವಲವಾಗಿ ಕಾಣುವುದೇಕೆ ಎಂಬುದಕ್ಕೆ ಉತ್ತರ ಸಿಗಲಿಲ್ಲ.

ಕ್ರಿ.ಶ. 2ನೆಯ ಶತಮಾನದಲ್ಲಿ ಟಾಲೆಮಿ ದೊಡ್ಡ ವೃತ್ತದ ಪರಿಧಿಯ ಮೇಲೆ ತಿರುಗುವ ಕಿರುವೃತ್ತಗಳನ್ನು ಬಳಸಿ ದೂರದ ಏರಿಳಿತವನ್ನು ವಿವರಿಸಿದ. ಆದರೆ ಲೆಕ್ಕ ಕೂಡಿಬರಲು, ದೊಡ್ಡ ವೃತ್ತದ ಕೇಂದ್ರವೂ ಅಲ್ಲದ, ಭೂಮಿಯೂ ಅಲ್ಲದ ಮೂರನೆಯ ಬಿಂದುವಿನಿಂದ ನೋಡಿದರೆ ಮಾತ್ರ ಸಮವೇಗವೆನಿಸುವ ಚಲನೆಯನ್ನು ಅವನು ಒಪ್ಪಬೇಕಾಯಿತು. ವೃತ್ತ ಉಳಿಯಿತು, ಅದಕ್ಕೆ ಕಾರಣವಾಗಿದ್ದ ನಡು ಸಡಿಲಾಯಿತು. ಈ ಬಿಂದುವನ್ನು ಸಹಿಸದ ಕೋಪರ್ನಿಕಸ್ 1543ರಲ್ಲಿ ಭೂಮಿಯನ್ನೇ ನಡುವಿನಿಂದ ಎಬ್ಬಿಸಿದ, ಆದರೆ ವೃತ್ತವನ್ನು ಬಿಡಲಿಲ್ಲ. ಭೂಮಿ ನಡುವಿನಲ್ಲಿಲ್ಲದ ಮೇಲೆ, ಕಲ್ಲು ಕೆಳಗೆ ಬೀಳುವುದೇಕೆ ಎಂಬುದಕ್ಕೆ ಇದ್ದ ಹಳೆಯ ಉತ್ತರವೂ ಕಳಚಿತು. ಕೆಪ್ಲರ್ 1609ರಲ್ಲಿ ದೀರ್ಘವೃತ್ತವನ್ನು ಮಂಡಿಸಿದ್ದು ನೀವು ಕೇಳಿದ ಅದೇ ಮಂಗಳನಿಗಾಗಿ.