ಟೊಂಗಾದಲ್ಲಿ ರಾಜನೂ ಇದ್ದಾನೆ, ಚುನಾವಣೆಯೂ ಇದೆ: ನಡೆಯುವುದು ಯಾರ ಮಾತು?

ಓದುಗರ ಪ್ರಶ್ನೆ: ಪೆಸಿಫಿಕ್ ಸಾಗರದ ದ್ವೀಪ ದೇಶ ಟೊಂಗಾದಲ್ಲಿ ಜನ ಮತ ಹಾಕುತ್ತಾರೆ, ಪ್ರಧಾನಿಯೂ ಇದ್ದಾರೆ. ಆದರೂ ಅದು ರಾಜನ ದೇಶ ಅಂತಾರಲ್ಲ, ನಿಜವಾದ ಅಧಿಕಾರ ಯಾರದು?

ಉತ್ತರ: ದಿನನಿತ್ಯದ ಸರ್ಕಾರ ನಡೆಸುವುದು ಸಂಸತ್ತು ಆರಿಸಿದ ಪ್ರಧಾನಿ. ಆದರೆ ರಾಜ ಬರೀ ಹೆಸರಿಗೆ ರಾಜನಲ್ಲ. ಅವರ ಒಪ್ಪಿಗೆ ಇಲ್ಲದೆ ಮಸೂದೆ ಕಾನೂನಾಗುವುದಿಲ್ಲ. ಸಂಸತ್ತನ್ನು ವಿಸರ್ಜಿಸುವುದೂ ಅವರ ಕೈಯಲ್ಲೇ ಇದೆ. 2017ರ ಆಗಸ್ಟ್‌ನಲ್ಲಿ ರಾಜ ಆರನೇ ಟುಪೌ ಹಾಗೆ ಮಾಡಿಯೂ ಬಿಟ್ಟರು. ನವೆಂಬರ್‌ನಲ್ಲಿ ಚುನಾವಣೆ ನಡೆದಾಗ ಜನ ಅದೇ ಪ್ರಧಾನಿ ಅಕಿಲಿಸಿ ಪೊಹಿವಾ ಅವರನ್ನು ಇನ್ನೂ ಜಾಸ್ತಿ ಸೀಟು ಕೊಟ್ಟು ವಾಪಸ್ ಕಳಿಸಿದರು.

ಸುಮಾರು ಒಂದು ಲಕ್ಷ ಜನರ ದೇಶ ಇದು. ಸಂಸತ್ತಿಗೆ 26 ಸದಸ್ಯರ ಆಯ್ಕೆ ನಡೆಯುತ್ತದೆ. 17 ಸೀಟಿಗೆ ಜನ ಮತ ಹಾಕುತ್ತಾರೆ. ಉಳಿದ 9 ಸೀಟನ್ನು ವಂಶದಿಂದ ಪದವಿ ಪಡೆದ ಸರದಾರರು ತಮ್ಮೊಳಗೇ ಹಂಚಿಕೊಳ್ಳುತ್ತಾರೆ. ಹೀಗಾಗಿ 2010ರಲ್ಲಿ ಪೊಹಿವಾ ಅವರ ಪಕ್ಷ 12 ಸೀಟು ಗೆದ್ದರೂ ಅದು 26ರಲ್ಲಿ ಬಹುಮತವಾಗಲಿಲ್ಲ, ಪ್ರಧಾನಿಯಾಗಿದ್ದು ಒಬ್ಬ ಸರದಾರರು.

ಈ 17 ಸೀಟು ಕೂಡ ಸುಮ್ನೆ ಬಂದಿದ್ದಲ್ಲ. ಮೊದಲು ಮಂತ್ರಿಗಳನ್ನು ರಾಜನೇ ನೇಮಿಸುತ್ತಿದ್ದರು, ಜನರಿಗೆ ಸಿಗುತ್ತಿದ್ದದ್ದು 9 ಸೀಟು ಮಾತ್ರ. ಇದನ್ನು ಬದಲಿಸಿದ್ದರಲ್ಲಿ ಪತ್ರಿಕೆಗಳ ಪಾಲು ತುಂಬಾ ದೊಡ್ಡದು ಎಂದೇ ನಾನು ನಂಬುತ್ತೇನೆ. ಪೊಹಿವಾ ಮೊದಲು ಮೇಷ್ಟ್ರು. ಸರ್ಕಾರವನ್ನು ಟೀಕಿಸಿ ಕೆಲಸ ಕಳೆದುಕೊಂಡರು, 'ಕೆಲೆಆ' ಎಂಬ ಪತ್ರಿಕೆ ನಡೆಸಿದರು. ಕಲಾಫಿ ಮೊಆಲಾ 1989ರಲ್ಲಿ 'ತೈಮಿ ಒ ಟೊಂಗಾ' ಶುರು ಮಾಡಿದರು. 1996ರಲ್ಲಿ ಒಬ್ಬ ಮಂತ್ರಿಯ ವಿರುದ್ಧದ ಗೊತ್ತುವಳಿ ಸದನಕ್ಕೆ ಬರುವ ಮೊದಲೇ 'ತೈಮಿ'ಯಲ್ಲಿ ಅಚ್ಚಾಯಿತು. ಸದನಕ್ಕೆ ಅವಮಾನ ಎಂದು ಮೊಆಲಾ, ಅವರ ಸಹ ಸಂಪಾದಕರು ಮತ್ತು ಪೊಹಿವಾ ಮೂವರಿಗೂ 30 ದಿನ ಜೈಲು ವಿಧಿಸಿದರು. ಅವಧಿ ಮುಗಿಯುವ ಮೊದಲೇ ಕೋರ್ಟ್ ಬಿಡಿಸಿತು.

2003ರಲ್ಲಿ ನ್ಯೂಜಿಲೆಂಡ್‌ನಿಂದ ಬರುತ್ತಿದ್ದ 'ತೈಮಿ'ಗೆ ನಿಷೇಧ ಬಿತ್ತು. ಕೋರ್ಟ್ ತೆಗೆದುಹಾಕಿತು. ಸರ್ಕಾರ ಮತ್ತೆ ಹೇರಿತು, ಕೊನೆಗೆ ಸಂವಿಧಾನವನ್ನೇ ತಿದ್ದಿತು. ಆದರೆ ಒಂದನೇ ಟುಪೌ 1875ರಲ್ಲಿ ಕೊಟ್ಟ ಸಂವಿಧಾನದಲ್ಲೇ ಪತ್ರಿಕಾ ಸ್ವಾತಂತ್ರ್ಯದ ಮಾತಿತ್ತು! ಅದನ್ನೇ ಹಿಡಿದು 2004ರಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಗಳಿಗೆ ಕಡಿವಾಣ ಹಾಕಿದ್ದ ಕಾನೂನುಗಳನ್ನು ರದ್ದು ಮಾಡಿತು. ರಾಜನೇ ಕೊಟ್ಟ ಮಾತು ರಾಜನ ಸರ್ಕಾರವನ್ನೇ ಕಟ್ಟಿಹಾಕಿತು ಅಲ್ವಾ?

2006ರ ನವೆಂಬರ್‌ನಲ್ಲಿ ಸುಧಾರಣೆ ತಡವಾಯಿತೆಂದು ಗಲಭೆ ಎದ್ದು ರಾಜಧಾನಿ ನುಕುಅಲೋಫಾದ ಪೇಟೆ ಸುಟ್ಟುಹೋಯಿತು. ಹಲವರು ಸತ್ತರು. ಆಮೇಲೆ ಐದನೇ ಟುಪೌ ತಮ್ಮ ಬಹುಪಾಲು ಅಧಿಕಾರ ಬಿಟ್ಟುಕೊಟ್ಟರು. 2014ರಲ್ಲಿ ಪೊಹಿವಾ ಪ್ರಧಾನಿಯಾದರು. ಅಂಥವರೇ ಮುಂದೆ ಸರ್ಕಾರಿ ಪ್ರಸಾರ ಸಂಸ್ಥೆ ತಮ್ಮ ವಿರುದ್ಧ ಇದೆ ಎಂದು ಹರಿಹಾಯ್ದದ್ದು ನನಗೆ ಈಗಲೂ ಬೇಸರದ ಸಂಗತಿ.

ಇನ್ನು ಸಂಸ್ಕೃತಿ. ಅಲ್ಲಿ ಅರಮನೆಗೆ ಸಲ್ಲುವ ಗೌರವ ಬರೆದ ಕಾನೂನಿಗಿಂತ ಆಳವಾದದ್ದು. 2024ರ ಫೆಬ್ರವರಿಯಲ್ಲಿ ರಾಜ ಆರನೇ ಟುಪೌ, ಪ್ರಧಾನಿ ಸೊವಲೇನಿ ಸೇನೆಯ ಖಾತೆ ಇಟ್ಟುಕೊಳ್ಳುವುದಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂದರು. ಹೀಗೆ ಹೇಳಲು ರಾಜನಿಗೆ ಅಧಿಕಾರವಿಲ್ಲ ಎಂಬ ವಾದ ಸರ್ಕಾರದ ಕಡೆಯಿಂದ ಬಂತು. ಆದರೂ ಮಂತ್ರಿಗಳು ಸಂಪ್ರದಾಯದಂತೆ ಅರಮನೆಯಲ್ಲಿ ಕ್ಷಮೆ ಕೇಳಿದರು. ಸೊವಲೇನಿ ಆ ಖಾತೆ ಬಿಟ್ಟುಕೊಟ್ಟರು.