ಅಕ್ಕನ ಮಗನೋ, ಅಣ್ಣನ ಮಗಳೋ? ಹೆಸ್ಸೆ ಹುಟ್ಟಿದ ಜಗಳ

1247ರ ಫೆಬ್ರವರಿಯಲ್ಲಿ ಜರ್ಮನಿಯ ಥುರಿಂಗಿಯಾ ಸೀಮೆಯ ದೊರೆ ಹೈನ್‌ರಿಷ್ ರಾಸ್ಪೆ ವಾರ್ಟ್‌ಬುರ್ಗ್ ಕೋಟೆಯಲ್ಲಿ ತೀರಿಕೊಂಡ. ಮೂರು ಮದುವೆಯಾಗಿದ್ದರೂ ಮಕ್ಕಳಿರಲಿಲ್ಲ. ಆ ಮನೆತನದ ಕೊನೆಯ ಗಂಡು ಅವನೇ.

ಹೀಗಾಗಬಹುದು ಅಂತ ಅವನಿಗೆ ಮೊದಲೇ ಗೊತ್ತಿತ್ತು. 1243ರಲ್ಲೇ ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಹತ್ತಿರ ಹೋಗಿ, ತನ್ನ ನಂತರ ಸೀಮೆ ಮಲ ಅಕ್ಕನ ಮಗನಿಗೆ ಸಿಗುವಂತೆ ಬರೆಸಿಕೊಂಡಿದ್ದ. ಆ ಮಗ ಪಕ್ಕದ ಮೈಸೆನ್ ಸೀಮೆಯ ದೊರೆ. ಅವನ ಹೆಸರೂ ಹೈನ್‌ರಿಷ್. (ಈ ಕಥೆಯಲ್ಲಿ ಕಲ್ಲೆಸೆದರೆ ಒಬ್ಬ ಹೈನ್‌ರಿಷ್‌ಗೆ ಬೀಳುತ್ತದೆ.) ತಮಾಷೆ ನೋಡಿ, ಮೂರೇ ವರ್ಷದಲ್ಲಿ ರಾಸ್ಪೆ ಅದೇ ಫ್ರೆಡರಿಕ್ ವಿರುದ್ಧ ಎದುರಾಳಿ ರಾಜನಾಗಿ ನಿಂತ!

ಇತ್ತ ರಾಸ್ಪೆಯ ಅಣ್ಣನ ಮಗಳೊಬ್ಬಳಿದ್ದಳು, ಸೋಫಿ. ಬ್ರಬಾಂಟ್ (ಈಗಿನ ಬೆಲ್ಜಿಯಂ ಕಡೆಯ ಸೀಮೆ) ಡ್ಯೂಕನ ಹೆಂಡತಿ. 1248ರಲ್ಲಿ ಗಂಡ ಸತ್ತ. ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಅವಳು ರಾಸ್ಪೆಯ ಸೀಮೆಯ ಹೆಸ್ಸೆ ಭಾಗದಲ್ಲಿದ್ದ ಮಾರ್ಬುರ್ಗ್ ಊರಿಗೆ ಬಂದು, ಇವನೇ ನಿಮ್ಮ ದೊರೆ ಅಂದಳು. ಮಗನ ಹೆಸರು ಹೈನ್‌ರಿಷ್, ಬೇರೆ ಹೇಳಬೇಕಾ? ಆ ಊರಿನ ಚೌಕದಲ್ಲಿ ತಾಯಿ ಮಗುವಿನ ಪ್ರತಿಮೆ ಈಗಲೂ ಇದೆ.

ಕಾನೂನು ಯಾರ ಕಡೆ? ಅಲ್ಲೇ ತೊಡಕು. ಸೀಮೆಯ ಒಂದಷ್ಟು ಭಾಗ ಚಕ್ರವರ್ತಿ ಕೊಟ್ಟ ಉಂಬಳಿ. ಅದನ್ನು ಯಾರಿಗೆ ಕೊಡಬೇಕೆಂದು ಅವನೇ ಹೇಳಬೇಕು. ಇನ್ನೊಂದಷ್ಟು ಮನೆತನದ ಸ್ವಂತ ಆಸ್ತಿ, ಅದರಲ್ಲಿ ಹೆಣ್ಣುಮಕ್ಕಳೂ ಪಾಲು ಕೇಳಬಹುದಿತ್ತು. ಹೆಸ್ಸೆಯ ಜಮೀನು ಈ ಮನೆತನಕ್ಕೆ ಬಂದಿದ್ದೇ ಹಿಂದಿನ ಶತಮಾನದಲ್ಲಿ ಒಬ್ಬ ಸೊಸೆಯ ಕಡೆಯಿಂದ. ಸಾಲದ್ದಕ್ಕೆ ಮೈಂಟ್ಸ್‌ನ ಆರ್ಚ್‌ಬಿಷಪ್ ಕೂಡ ಅಲ್ಲಿ ತನ್ನ ಪಾಲಿದೆ ಅಂತ ಪಟ್ಟು ಹಿಡಿದ. ತೀರ್ಪು ಕೊಡಬೇಕಿದ್ದ ಫ್ರೆಡರಿಕ್ 1250ರಲ್ಲಿ ಸತ್ತ. ಮುಂದೆ 1273ರವರೆಗೆ ಗಟ್ಟಿ ರಾಜನೇ ಇರಲಿಲ್ಲ.

ಸೋಫಿಯ ಕೈಯಲ್ಲಿ ಇನ್ನೊಂದು ಅಸ್ತ್ರವಿತ್ತು. ಅವಳ ತಾಯಿ ಎಲಿಸಬೆತ್ 1235ರಲ್ಲಿ ಸಂತಳೆಂದು ಘೋಷಿತಳಾದವಳು, ಸಮಾಧಿ ಮಾರ್ಬುರ್ಗ್‌ನಲ್ಲೇ. ಸೋಫಿ ತನ್ನನ್ನು 'ಸಂತ ಎಲಿಸಬೆತ್‌ಳ ಮಗಳು' ಎಂದೇ ಕರೆದುಕೊಳ್ಳುತ್ತಿದ್ದಳು. ಜನರ ಮುಂದೆ ಇದಕ್ಕಿಂತ ದೊಡ್ಡ ಹಕ್ಕುಪತ್ರ ಬೇಕಾ? ಐಸೆನಾಖ್ ಊರು ಬಾಗಿಲು ಹಾಕಿಕೊಂಡಾಗ ಅವಳೇ ಕೊಡಲಿ ಎತ್ತಿ ಹೊಡೆದಳು ಅಂತ ದಂತಕಥೆಯೊಂದಿದೆ.

ಜಗಳ ಯುದ್ಧಕ್ಕೇ ತಿರುಗಿತು. 1263ರಲ್ಲಿ ಅವಳ ಪರ ನಿಂತಿದ್ದ ಬ್ರೌನ್‌ಷ್ವೈಗ್‌ನ ಡ್ಯೂಕ್ ಆಲ್ಬ್ರೆಕ್ಟ್ ಸೆರೆ ಸಿಕ್ಕ. ಬಿಡಿಸಿಕೊಳ್ಳಲು 8000 ಮಾರ್ಕ್ ಕೊಡಬೇಕಾಯಿತು. ಮರುವರ್ಷ ರಾಜಿ ಆಯಿತು: ಥುರಿಂಗಿಯಾ ಅಕ್ಕನ ಮಗನಿಗೆ, ಹೆಸ್ಸೆ ಸೋಫಿಯ ಮಗನಿಗೆ. 1292ರಲ್ಲಿ ರಾಜ ಅಡಾಲ್ಫ್ ಆ ಮಗನಿಗೆ ಸಾಮ್ರಾಜ್ಯದ ರಾಜಕುಮಾರರ ಸಾಲಿನಲ್ಲಿ ಜಾಗ ಕೊಟ್ಟ. ಸೋಫಿ ಅದನ್ನು ನೋಡಲು ಇರಲಿಲ್ಲ.

ಇವತ್ತು ಎರಡೂ ಬೇರೆ ಬೇರೆ ರಾಜ್ಯಗಳು. ಲಾಂಛನದಲ್ಲಿ ಮಾತ್ರ ಅದೇ ಹಳೇ ಮನೆತನದ ಕೆಂಪು-ಬಿಳಿ ಪಟ್ಟೆಯ ಸಿಂಹ. ಥುರಿಂಗಿಯಾದವರು ಸುತ್ತ ಎಂಟು ನಕ್ಷತ್ರ ಹಾಕಿಕೊಂಡಿದ್ದಾರೆ ಅಷ್ಟೇ.